ಟ್ಯಾಂಕಿನ ಹಿಂದಿನ ಮರಿ ಒಳಮನೆಗೆ ಬರುವ ಮುನ್ನ

ಪ್ರಶ್ನೆ: ನಾವು ಮೈಸೂರಿನವರು. ನಾನು ನಿವೃತ್ತ ಶಿಕ್ಷಕಿ, ವಯಸ್ಸು 62; ನಮ್ಮ ಯಜಮಾನರಿಗೆ 67. ಬೀದಿಯ ಬೆಕ್ಕೊಂದು ನಮ್ಮ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಮರಿ ಹಾಕಿ ಎರಡು ತಿಂಗಳಾಗುತ್ತಾ ಬಂತು. ಮೂರು ಮರಿ ಇದ್ದವು. ಒಂದು ಹದಿನೈದು ದಿನದ ಹಿಂದೆ ವಾಂತಿ ಮಾಡಿಕೊಂಡು ಒಂದೇ ದಿನದಲ್ಲಿ ಸತ್ತಿತು, ಯಾರೋ ವಿಷ ಹಾಕಿರಬೇಕು. ಉಳಿದವುಗಳಲ್ಲಿ ಒಂದು ಕಪ್ಪು, ಬಿಳಿ, ಕೇಸರಿ ಮೂರೂ ಬಣ್ಣದ್ದು, ಇನ್ನೊಂದು ಪೂರ್ತಿ ಕೇಸರಿ. ಮೂರು ಬಣ್ಣದ್ದನ್ನು ಸಾಕಬೇಕೆಂದಿದ್ದೇನೆ. ನಾವು ಸಸ್ಯಾಹಾರಿಗಳು, ಹಾಲು ಅನ್ನ ಹಾಕಿದರೆ ಸಾಕು, ಅಜ್ಜನ ಮನೆಯ ಬೆಕ್ಕುಗಳೆಲ್ಲ ಹಾಗೇ ಬೆಳೆದವು ಅನ್ನುತ್ತಾರೆ ಯಜಮಾನರು. ಮಗಳಿಗೆ ಈಗ ನಾಲ್ಕು ತಿಂಗಳು, ಏಳನೇ ತಿಂಗಳಲ್ಲಿ ಬಾಣಂತನಕ್ಕೆ ಬರುತ್ತಾಳೆ. ಬಸುರಿ ಇರುವ ಮನೆಯಲ್ಲಿ ಬೆಕ್ಕು ಇರಲೇಬಾರದು ಎಂದು ಬೀಗರು ಹೇಳುತ್ತಿದ್ದಾರೆ. ಏನು ಮಾಡಲಿ? ಆರೋಗ್ಯದ ದೃಷ್ಟಿಯಿಂದ ಏನೇನು ಸಿದ್ಧತೆ ಬೇಕು?

ಉತ್ತರ: ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಸಂಗತಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಮುಂದಿನ ಎರಡು ವಾರದ ಕೆಲಸವೆಲ್ಲ ಅದರ ಮೇಲೆ ನಿಂತಿದೆ. ನೆನ್ನೆ ಆಡಿಕೊಂಡಿದ್ದ ಮರಿ ಇವತ್ತು ವಾಂತಿ ಮಾಡಿ, ನೀರಿನ ಬಟ್ಟಲಿನ ಮುಂದೆ ಮುದುಡಿ ಕೂತು, ಸಂಜೆಯೊಳಗೆ ಸತ್ತರೆ ಅಕ್ಕಪಕ್ಕದವರ ಮೇಲೆ ಅನುಮಾನ ಬರುವುದು ಸಹಜ. ವಿಷವೂ ಇರಬಹುದು, ಇಲ್ಲವೆನ್ನಲಾರೆ. ಆದರೆ ಲಸಿಕೆ ಕಾಣದ ಬೀದಿಮರಿಗಳಲ್ಲಿ ಹೀಗೆ ಸಾವು ತರುವುದರಲ್ಲಿ ಮೊದಲಿಗೆ ನಿಲ್ಲುವುದು ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ಕಾಯಿಲೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೋ ವೈರಸ್ಸಿನ ಹತ್ತಿರದ ಸಂಬಂಧಿ ಇದು. ಕರುಳಿನ ಒಳಪದರವನ್ನೂ ರಕ್ತದ ಬಿಳಿಕಣ ತಯಾರಾಗುವ ಮೂಳೆಮಜ್ಜೆಯನ್ನೂ ಒಟ್ಟಿಗೇ ಹೊಡೆಯುತ್ತದೆ. ಕೆಲವು ಮರಿಗಳು ಭೇದಿ ಶುರುವಾಗುವ ಮೊದಲೇ ಹೋಗಿಬಿಡುತ್ತವೆ. ನಾವು ವಿಷ ಅಂದುಕೊಳ್ಳುವುದು ಅದಕ್ಕೇ.

ಸೋಂಕು ತಗುಲಿ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ಸಾಕು. ಹದಿನೈದು ದಿನ ಕಳೆದರೂ ಉಳಿದೆರಡು ಮರಿ ಚುರುಕಾಗಿದ್ದರೆ ಆ ಗಂಡಾಂತರ ಬಹುಮಟ್ಟಿಗೆ ದಾಟಿದೆ. ತೊಂದರೆ ಜಾಗದ್ದು. ಈ ವೈರಸ್ ಒಣ ನೆಲದಲ್ಲಿ, ಗೋಣಿಚೀಲದಲ್ಲಿ, ಹಳೆ ಬಟ್ಟೆಯಲ್ಲಿ ತಿಂಗಳುಗಟ್ಟಲೆ, ಅನುಕೂಲವಿದ್ದರೆ ಒಂದು ವರ್ಷದವರೆಗೂ ಬದುಕಬಲ್ಲದು. ಸೋಪಿಗೂ ಫಿನಾಯಿಲಿಗೂ ಬಗ್ಗುವುದಿಲ್ಲ. ಟ್ಯಾಂಕಿನ ಹಿಂದಿನ ಗೋಣಿ, ರಟ್ಟು ಎಲ್ಲವನ್ನೂ ತೆಗೆದು ಸುಟ್ಟುಹಾಕಿ. ನೆಲವನ್ನು ಸೋಪಿನಲ್ಲಿ ತೊಳೆದ ಮೇಲೆ, ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು, ಆಮೇಲೆ ಚೆನ್ನಾಗಿ ನೀರು ಹಾಕಿ. ತಾರಸಿಗೆ ಹಾಕಿಕೊಂಡು ಹೋಗುವ ಚಪ್ಪಲಿ ಒಳಗೆ ಬರುವುದು ಬೇಡ. ಅಂದಹಾಗೆ, ಒಳಮನೆ ಒರೆಸಲು ಬಳಸುವ ಫಿನಾಯಿಲನ್ನು ಇವತ್ತಿನಿಂದಲೇ ಬಿಡಿ. ಬೆಕ್ಕು ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕುತ್ತದೆ; ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ.

ಈಗ ನಿಮ್ಮ ಮರಿ. ಮೂರು ಬಣ್ಣದ್ದಾದರೆ ಅದು ಹೆಣ್ಣೇ ಎಂದುಕೊಳ್ಳಿ. ಕೇಸರಿ ಬಣ್ಣದ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಕಪ್ಪು, ಕೇಸರಿ ಎರಡೂ ಒಂದೇ ಮೈಯಲ್ಲಿ ಬರಲು ಎರಡು ಎಕ್ಸ್ ಬೇಕು. ಗಂಡು ಸಿಗುವುದು ಅಪರೂಪಕ್ಕೊಂದು. ಪೂರ್ತಿ ಕೇಸರಿ ಇರುವ ಇನ್ನೊಂದು ಗಂಡಾಗಿರುವ ಸಾಧ್ಯತೆಯೇ ಹೆಚ್ಚು. ಎರಡು ತಿಂಗಳು ತಾಯಿಯ ಜೊತೆ ಬಿಟ್ಟದ್ದು ಒಳ್ಳೆಯದಾಯಿತು, ಆದರೆ ಇನ್ನು ತಡಮಾಡಬೇಡಿ. ಮನುಷ್ಯರ ಕೈಗೆ ಒಗ್ಗುವ ವಯಸ್ಸು ಎರಡನೇ ವಾರದಿಂದ ಏಳೆಂಟನೇ ವಾರದವರೆಗೆ. ಅದು ಮುಗಿಯುತ್ತಾ ಬಂದಿದೆ. ಇನ್ನೊಂದು ತಿಂಗಳು ತಾರಸಿಯಲ್ಲೇ ಬೆಳೆದರೆ ಹತ್ತಿರ ಬರಲು ಹೆದರುವ ಬೆಕ್ಕಾಗುತ್ತದೆ. ಅಂಥದ್ದನ್ನು ಆಸ್ಪತ್ರೆಗೆ ಒಯ್ಯುವುದೇ ಒಂದು ಕಾಯಿಲೆಯಷ್ಟು ಕಷ್ಟ.

ತಂದ ಮೇಲೆ ಎರಡು ವಾರ ಒಂದೇ ಕೋಣೆಯಲ್ಲಿರಲಿ. ಮಲಗಲು ಮಗುಚಿಟ್ಟ ರಟ್ಟಿನ ಪೆಟ್ಟಿಗೆ, ಒಂದು ಮೂಲೆಯಲ್ಲಿ ಮಲಮೂತ್ರಕ್ಕೆ ಮಣ್ಣು ತುಂಬಿದ ತಟ್ಟೆ, ಅದರಿಂದ ದೂರದ ಮೂಲೆಯಲ್ಲಿ ಊಟ, ನೀರು. ಮಣ್ಣಿಗೆ ದುಬಾರಿ ಪರಿಮಳದ್ದು ಬೇಡ. ಮನೆ ಕಟ್ಟುವವರು ಬಳಸುವ ಜರಡಿ ಹಿಡಿದ ಮರಳೂ ನಡೆಯುತ್ತದೆ. ತಟ್ಟೆ ಅಗಲವಾಗಿರಬೇಕು, ಅಷ್ಟೆ.

ಮೂರು ದಿನದೊಳಗೆ ಪಶುವೈದ್ಯರಲ್ಲಿಗೆ ಹೋಗಿ. ದನಕರು ನೋಡುವುದರಲ್ಲಿ ಪಳಗಿದವರೂ ಒಳ್ಳೆಯ ವೈದ್ಯರೇ, ಆದರೆ ದಿನಾ ಬೆಕ್ಕು ನೋಡುವವರು ನಿಮ್ಮ ಊರಿನಲ್ಲಿ ಸಿಗುತ್ತಾರೆ, ಅವರನ್ನೇ ಹುಡುಕಿ. ಫೋನಿನಲ್ಲೇ ಕೇಳಿಕೊಳ್ಳಿ: ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುತ್ತೀರಾ, ರಾತ್ರಿ ತುರ್ತು ಬಂದರೆ ಯಾರನ್ನು ಕರೆಯಬೇಕು, ಮೂರು ರೋಗದ ಲಸಿಕೆ ಇದೆಯೇ. ಕೊನೆಯದನ್ನು ಕೇಳಲೇಬೇಕು, ಬೆಕ್ಕಿನ ಲಸಿಕೆ ಎಷ್ಟೋ ಕಡೆ ತರಿಸಿಕೊಡಬೇಕಾಗುತ್ತದೆ. ಕೈಚೀಲದಲ್ಲಿ, ಸೆರಗಿನಲ್ಲಿ ಒಯ್ಯಬೇಡಿ. ಆಟೋ ಹಾರ್ನಿಗೆ ಬೆಚ್ಚಿ ಹಾರಿದ ಮರಿಯನ್ನು ಮತ್ತೆ ಹಿಡಿಯುವುದು ಕನಸು. ಮೇಲಿನಿಂದ ಬಾಗಿಲು ತೆರೆಯುವ ಪ್ಲಾಸ್ಟಿಕ್ ಬುಟ್ಟಿ ಕೊಂಡು, ಅದನ್ನು ಕೋಣೆಯಲ್ಲೇ ಸದಾ ತೆರೆದಿಡಿ. ಮರಿ ಅದರೊಳಗೇ ಮಲಗಿ ಅಭ್ಯಾಸವಾಗಲಿ. ಹೋಗುವಾಗ ಅವತ್ತಿನ ಮಲವನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ.

ಜಂತುಹುಳು ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ, ಇರುತ್ತದೆ. ದುಂಡುಹುಳು ತಾಯಿಯ ಹಾಲಿನಲ್ಲೇ ಬರುತ್ತದೆ. ಹೊಟ್ಟೆ ಮಾತ್ರ ಉಬ್ಬಿ ಬೆನ್ನುಮೂಳೆ ಕೈಗೆ ಸಿಗುವ ಮರಿಯ ಹೊಟ್ಟೆಯಲ್ಲಿ ಇರುವುದು ಊಟವಲ್ಲ. ತೂಕ ನೋಡಿ ಔಷಧ ಕೊಡುತ್ತಾರೆ, ಎರಡು ವಾರ ಬಿಟ್ಟು ಇನ್ನೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥದ್ದು ಅಂಟಿಕೊಂಡಿದ್ದರೆ ಅದು ಲಾಡಿಹುಳು, ಅದಕ್ಕೆ ಔಷಧ ಬೇರೆ. ಅದನ್ನು ತರುವುದು ಚಿಗಟ; ಚಿಗಟ ಹೋಗದೆ ಲಾಡಿಹುಳು ಹೋಗುವುದಿಲ್ಲ. ಕಿವಿಯಲ್ಲಿ ಕಾಫಿಗಷ್ಟದಂಥ ಕಪ್ಪು ಪುಡಿ ಇದ್ದರೆ ಕಿವಿನುಸಿ. ಕಣ್ಣಲ್ಲಿ ಗೀಜು ಕಟ್ಟಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿ, ಆದರೆ ಮನೆಯಲ್ಲಿರುವ ಮನುಷ್ಯರ ಕಣ್ಣಿನ ಹನಿ ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದು, ಮರಿಯ ಕಣ್ಣಲ್ಲಿ ಹುಣ್ಣಿದ್ದರೆ ಕಣ್ಣೇ ಹೋದೀತು.

ಚಿಗಟದ ವಿಚಾರದಲ್ಲಿ ಒಂದು ಎಚ್ಚರಿಕೆ, ಇದನ್ನು ದೊಡ್ಡಕ್ಷರದಲ್ಲಿ ಬರೆದಿದೆ ಎಂದುಕೊಂಡು ಓದಿ. ನಾಯಿಗೆ ಹಚ್ಚುವ ಚಿಗಟದ ಔಷಧ ಬೆಕ್ಕಿಗೆ ಬೇಡ. ಅವುಗಳಲ್ಲಿ ಹಲವದರಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ನರಮಂಡಲಕ್ಕೆ ನೇರ ವಿಷ. ಹಚ್ಚಿದ ಕೆಲವು ಗಂಟೆಯಲ್ಲಿ ನಡುಕ, ಆಮೇಲೆ ಸೆಳೆತ. ‘ಸ್ವಲ್ಪವೇ ಹಚ್ಚಿದರಾಯಿತು’ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಬೇವಿನೆಣ್ಣೆಯೂ ಬೇಡ, ಗಿಡಮೂಲಿಕೆ ಎಂದ ಮಾತ್ರಕ್ಕೆ ಮೈಯೆಲ್ಲ ನೆಕ್ಕಿಕೊಳ್ಳುವ ಪ್ರಾಣಿಗೆ ಒಗ್ಗಬೇಕಿಲ್ಲ. ಈ ವಯಸ್ಸಿನಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಮತ್ತು ಸೋಪು ನೀರಿನ ಬಟ್ಟಲು ಸಾಕು, ಉಳಿದದ್ದನ್ನು ವೈದ್ಯರು ಬರೆದುಕೊಡುತ್ತಾರೆ.

ಲಸಿಕೆ ಈಗಲೇ ಶುರುವಾಗಬೇಕು. ಪ್ಯಾನ್‌ಲ್ಯೂಕೋಪೀನಿಯಾ ಮತ್ತು ಬೆಕ್ಕಿನ ನೆಗಡಿಗೆ ಕಾರಣವಾಗುವ ಎರಡು ವೈರಸ್, ಈ ಮೂರಕ್ಕೂ ಸೇರಿ ಒಂದು ಸೂಜಿ. ಎಂಟನೇ ವಾರಕ್ಕೆ ಒಂದು, ಹನ್ನೆರಡಕ್ಕೆ ಒಂದು, ಹದಿನಾರಕ್ಕೆ ಇನ್ನೊಂದು. ಎರಡೇ ಸಾಕು ಎನ್ನುವವರು ಸಿಗುತ್ತಾರೆ. ನೀವು ಮೂರನೆಯದನ್ನೂ ಕೇಳಿ ಹಾಕಿಸಿ. ಕಾರಣ ಇಷ್ಟೇ: ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವಷ್ಟು ದಿನ ಅದು ಲಸಿಕೆಯನ್ನೂ ಶತ್ರುವೆಂದೇ ತಿಳಿದು ಹೊಡೆದುಹಾಕುತ್ತದೆ. ಆ ರಕ್ಷಣೆ ಒಂದು ಮರಿಯಲ್ಲಿ ಎಂಟನೇ ವಾರಕ್ಕೆ ಇಳಿದರೆ ಇನ್ನೊಂದರಲ್ಲಿ ಹದಿನಾರರವರೆಗೂ ಉಳಿಯುತ್ತದೆ. ಯಾವ ಮರಿಯಲ್ಲಿ ಯಾವಾಗ ಎಂದು ಹೊರಗಿನಿಂದ ತಿಳಿಯುವುದಿಲ್ಲವಾದ್ದರಿಂದ ಮತ್ತೆ ಮತ್ತೆ ಹಾಕುತ್ತೇವೆ. ಹುಚ್ಚುನಾಯಿ ರೋಗ ಎಂದು ನಾವು ಕರೆಯುವ ರೇಬೀಸ್ ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಬರುತ್ತದೆ. ಅದರ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಒಂದು ವರ್ಷಕ್ಕೆ ಎರಡನ್ನೂ ಇನ್ನೊಮ್ಮೆ ಹಾಕಿಸಿ, ಮುಂದಿನದನ್ನು ವೈದ್ಯರು ಹೇಳುತ್ತಾರೆ. ಮೂರು ರೋಗದ ಲಸಿಕೆಯ ಬೆಲೆ ರೇಬೀಸ್ ಲಸಿಕೆಯ ಹಲವು ಪಟ್ಟು ಇರುತ್ತದೆ. ಬಿಲ್ಲು ನೋಡಿ ಗಾಬರಿಯಾಗಬೇಡಿ.

ಈ ನಡುವೆ ಮರಿ ಪರಚಿಯೋ ಕಚ್ಚಿಯೋ ಯಾರಿಗಾದರೂ ರಕ್ತ ಬಂದರೆ, ಅರಿಶಿನ ಮೆತ್ತುವ ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ. ‘ಪುಟ್ಟ ಮರಿ, ಏನಾಗುತ್ತೆ’ ಎಂದು ಬಿಡಬೇಡಿ. ತಾರಸಿಯಲ್ಲಿ ಅದಕ್ಕೆ ಏನು ಕಚ್ಚಿತ್ತೋ ನಿಮಗೆ ಗೊತ್ತಿಲ್ಲ. ಗರ್ಭಿಣಿಯರೂ ಈ ಲಸಿಕೆ ತೆಗೆದುಕೊಳ್ಳಬಹುದು.

ಇನ್ನು ಯಜಮಾನರ ಹಾಲು ಅನ್ನದ ವಾದ. ಅವರು ಹೇಳುವುದು ಸುಳ್ಳಲ್ಲ, ಅರ್ಧ ನಿಜ. ಅಜ್ಜನ ಮನೆಯ ಬೆಕ್ಕು ತಟ್ಟೆಯಲ್ಲಿ ತಿಂದದ್ದು ಹಾಲು ಅನ್ನ. ಕಣಜದ ಹಿಂದೆ ತಿಂದದ್ದು ಇಲಿ, ಹಲ್ಲಿ, ಮಿಡತೆ. ಅದರ ಶಕ್ತಿ ಬಂದದ್ದು ಎರಡನೆಯದರಿಂದ. ಮತ್ತೆ ಆ ಮನೆಯಲ್ಲಿ ಹುಟ್ಟಿದ ಮರಿಗಳಲ್ಲಿ ಎಷ್ಟು ವರ್ಷ ತುಂಬಿದವು ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ನಿಮ್ಮ ಮರಿ ಬಾಗಿಲು ಹಾಕಿದ ಮನೆಯಲ್ಲಿ ಬೆಳೆಯುತ್ತದೆ. ಅದಕ್ಕೆ ಇಲಿ ಸಿಗುವುದಿಲ್ಲ. ನೀವು ಹಾಕಿದ್ದೇ ಅದರ ಜಗತ್ತು.

ಬೆಕ್ಕು ಮಾಂಸಾಹಾರವನ್ನು ಆರಿಸಿಕೊಂಡ ಪ್ರಾಣಿಯಲ್ಲ, ಅದಿಲ್ಲದೆ ಬದುಕಲಾರದ ಪ್ರಾಣಿ. ಟಾರಿನ್ ಎಂಬ ಅಂಶವನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ; ಬೆಕ್ಕಿನ ದೇಹಕ್ಕೆ ಬೇಕಾದಷ್ಟು ತಯಾರಿಸಲಾಗದು, ಮಾಂಸದಿಂದಲೇ ಸಿಗಬೇಕು. ಅದು ತಿಂಗಳುಗಟ್ಟಲೆ ಕಡಿಮೆಯಾದರೆ ಕಣ್ಣಿನ ಅಕ್ಷಿಪಟಲ ಸಾಯುತ್ತದೆ, ಹೃದಯದ ಸ್ನಾಯು ತೆಳುವಾಗಿ ಹಿಗ್ಗುತ್ತದೆ. ಹೃದಯದ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ಸಂಬಂಧವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ಆಗ ಬೆಕ್ಕಿನ ಸಿದ್ಧ ಆಹಾರಗಳಲ್ಲೂ ಸಾಕಷ್ಟು ಟಾರಿನ್ ಇರಲಿಲ್ಲ. ಕಂಪನಿಗಳು ಅದನ್ನು ಹೆಚ್ಚಿಸಿದ ಮೇಲೆ ಆ ಕಾಯಿಲೆ ಅಪರೂಪವಾಯಿತು. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವ ಮಾಡಿಕೊಳ್ಳುವುದೂ ಬೆಕ್ಕಿಗೆ ಬರುವುದಿಲ್ಲ. ಹಾಲಂತೂ ಹಾಲು ಬಿಟ್ಟ ಮರಿಗೆ ಅರಗುವುದೇ ಕಷ್ಟ, ಭೇದಿಗೆ ದಾರಿ. ಒಂದು ಚಮಚ ಮೊಸರು ನೆಕ್ಕಿದರೆ ಏನೂ ಆಗುವುದಿಲ್ಲ, ಆದರೆ ಅದನ್ನು ಊಟ ಎನ್ನಬೇಡಿ.

ಮಾಂಸ ಬೇಯಿಸಲು ಮನಸ್ಸೊಪ್ಪದ ಮನೆಗೆ ಚೀಲದಲ್ಲಿ ಬರುವ ಆಹಾರವೇ ಸರಿ. ಮಡಿ ಅಡುಗೆಮನೆಗೆ ಅದು ಬರಬೇಕಿಲ್ಲ. ಹಿತ್ತಲ ಕಪಾಟಿನಲ್ಲಿ ಡಬ್ಬಿ ಇಟ್ಟುಕೊಂಡು, ಬೇರೆ ಚಮಚದಲ್ಲಿ ಹಾಕಿದರಾಯಿತು. ಹೀಗೆ ನಡೆಸಿಕೊಂಡು ಬರುತ್ತಿರುವ ಸಸ್ಯಾಹಾರಿ ಮನೆಗಳು ನನ್ನಲ್ಲಿಗೆ ಬರುವವರಲ್ಲಿ ಬಹಳ ಇವೆ. ಅದೂ ಆಗದು ಎನ್ನಿಸಿದರೆ, ಬೇಸರಿಸಬೇಡಿ, ಬೆಕ್ಕು ಸಾಕಬೇಡಿ, ಮೊಲ ಸಾಕಿ. ಚೀಲದ ಮೇಲೆ ಎರಡು ಮಾತು ಹುಡುಕಿ: ಮರಿಗಳಿಗಾಗಿ ಮಾಡಿದ್ದು, ಮತ್ತು ಸಂಪೂರ್ಣ ಆಹಾರ. ನಾಯಿಯ ಆಹಾರ ಅಗ್ಗವೆಂದು ಹಾಕಬೇಡಿ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಿ, ಆರು ತಿಂಗಳಾದ ಮೇಲೆ ಎರಡು ಮೂರು ಸಲ. ವಾರದಲ್ಲಿ ಕೆಲವು ದಿನವಾದರೂ ಒದ್ದೆ ಆಹಾರ ಕೊಡುವುದು ಒಳ್ಳೆಯದು, ಏಕೆಂದರೆ ಬೆಕ್ಕು ಹುಟ್ಟಾ ಹೆಚ್ಚು ನೀರು ಕುಡಿಯುವ ಪ್ರಾಣಿಯಲ್ಲ. ನೀರಿನ ಬಟ್ಟಲು ಎರಡು ಮೂರು ಕಡೆ ಇರಲಿ.

ಮಾಂಸಾಹಾರಿ ಓದುಗರಿಗೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅವರ ಮನೆಯ ಮರಿಗಳು ಬೇರೊಂದು ರೀತಿಯಲ್ಲಿ ಕೆಡುತ್ತವೆ. ಪ್ರೀತಿಯಿಂದ ಮೂಳೆ ತೆಗೆದ ಕೋಳಿಮಾಂಸವನ್ನು ಮಾತ್ರ ಬೇಯಿಸಿ ಹಾಕುತ್ತಾರೆ. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬೆಳೆಯುವ ಮರಿಯ ದೇಹ ರಕ್ತದಲ್ಲಿ ಕ್ಯಾಲ್ಸಿಯಂ ಕಾಪಾಡಿಕೊಳ್ಳಲು ತನ್ನ ಮೂಳೆಯನ್ನೇ ಕರಗಿಸುತ್ತದೆ. ನಾಲ್ಕೈದು ತಿಂಗಳಿಗೆ ಮರಿ ಕುಂಟುತ್ತದೆ, ಎತ್ತಿಕೊಂಡರೆ ಕಿರುಚುತ್ತದೆ, ಕುರ್ಚಿಯಿಂದ ಹಾರಿದರೆ ಕಾಲು ಮುರಿಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಹೊಗೆಯ ಗೆರೆಯಂತೆ ಕಾಣುತ್ತದೆ. ಇನ್ನು ಕರಾವಳಿಯವರು ಬರೀ ಮೀನು ಹಾಕುವುದೂ ಸರಿಯಲ್ಲ. ಹಸಿಯಾಗಿ ಕೊಟ್ಟರೆ ಕೆಲವು ಜಾತಿಯ ಮೀನು ಬಿ1 ಜೀವಸತ್ವವನ್ನೇ ನಾಶ ಮಾಡುತ್ತದೆ. ಮಸಾಲೆಯ ಸಾರು ಯಾರ ಮನೆಯಲ್ಲೂ ಬೇಡ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಮನೆಯೊಳಗಿನ ಅಪಾಯಗಳಲ್ಲಿ ನಾನು ಮೊದಲು ಹೆಸರಿಸುವುದು ಹೂವಿನ ದಾರ. ಮೈಸೂರಿನ ಮನೆ ಎಂದ ಮೇಲೆ ದೇವರ ಮುಂದೆ ಮಲ್ಲಿಗೆ ಇರುತ್ತದೆ, ಮಾರನೆ ದಿನ ಬಾಡಿದ ಮಾಲೆ ಕಸದ ಬುಟ್ಟಿಯಲ್ಲಿರುತ್ತದೆ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೇ ಬಾಗಿವೆ. ದಾರದ ತುದಿ ಒಮ್ಮೆ ಬಾಯಿಗೆ ಹೋದರೆ ಉಗುಳಲಾರದೆ ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೋ ಜಠರಕ್ಕೋ ಸಿಕ್ಕಿಕೊಂಡರೆ ಕರುಳು ದಾರದ ಮೇಲೆ ನೆರಿಗೆಗಟ್ಟಿ ಕೊನೆಗೆ ತೂತು ಬೀಳುತ್ತದೆ. ಹೊಲಿಗೆಯ ದಾರ, ಗಾಳಿಪಟದ ದಾರ ಎಲ್ಲವೂ ಹೀಗೇ. ಬಾಯಿಂದಲೋ ಹಿಂದಿನಿಂದಲೋ ದಾರ ಇಣುಕುತ್ತಿದ್ದರೆ ದಯವಿಟ್ಟು ಎಳೆಯಬೇಡಿ, ಹಾಗೇ ಆಸ್ಪತ್ರೆಗೆ ತನ್ನಿ. ಬಾಡಿದ ಹೂವಿಗೆ ಮುಚ್ಚಳವಿರುವ ಡಬ್ಬಿ ಇಡಿ.

ಎರಡನೆಯದು ಪ್ಯಾರಾಸಿಟಮಾಲ್. ಮರಿಗೆ ಮೈ ಬಿಸಿಯಾಗಿದೆ ಎಂದು ಮಗುವಿನ ಸಿರಪ್ಪನ್ನೋ ಡೋಲೋದ ತುಣುಕನ್ನೋ ಕೊಡುವವರು ಇದ್ದಾರೆ. ಆರೋಗ್ಯವಂತ ಬೆಕ್ಕಿನ ಮೈ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಪ್ಯಾರಾಸಿಟಮಾಲನ್ನು ನಿರ್ವಿಷಗೊಳಿಸುವ ಕಿಣ್ವ ಬೆಕ್ಕಿನಲ್ಲಿ ಸಾಕಷ್ಟಿಲ್ಲ. ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿ, ರಕ್ತ ಆಮ್ಲಜನಕ ಹೊರಲಾರದೆ ಸಾಯುತ್ತದೆ. 500 ಮಿಲಿಗ್ರಾಂನ ಒಂದು ಮಾತ್ರೆ ಬೆಳೆದ ಬೆಕ್ಕನ್ನೂ ಕೊಲ್ಲಬಲ್ಲದು. ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ: ಕರ್ಪೂರ, ನುಸಿಗುಳಿಗೆ, ಇಲಿಪಾಷಾಣ ಕೈಗೆಟುಕದಂತಿರಲಿ, ಹೂಗುಚ್ಛದಲ್ಲಿ ಬರುವ ಲಿಲ್ಲಿ ಹೂವು ಮನೆಯೊಳಗೆ ಬರುವುದೇ ಬೇಡ, ಅದರ ಪರಾಗ ನೆಕ್ಕಿದರೂ ಮೂತ್ರಪಿಂಡ ಕೈಕೊಡುತ್ತದೆ, ಸಂಪಿನ ಮುಚ್ಚಳ ಹಾಕಿರಿ, ಬಟ್ಟೆ ಒಗೆಯುವ ಯಂತ್ರ ಚಾಲೂ ಮಾಡುವ ಮುನ್ನ ಒಳಗೆ ಕೈಯಾಡಿಸಿ ನೋಡಿ, ಬಾಲ್ಕನಿಗೆ ಬಲೆ ಹಾಕಿಸಿ.

ಈಗ ಮಗಳ ವಿಷಯ. ಬೀಗರ ಭಯಕ್ಕೆ ಆಧಾರವಿದೆ, ಆದರೆ ಅವರು ಬೊಟ್ಟು ಮಾಡುತ್ತಿರುವುದು ತಪ್ಪು ಕಡೆಗೆ. ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿ ಬೆಕ್ಕಿನ ಕರುಳಿನಲ್ಲಿ ಬೆಳೆದು ಮಲದಲ್ಲಿ ಹೊರಬರುತ್ತದೆ. ಬಸುರಿಗೆ ಮೊದಲ ಬಾರಿಗೆ ಈ ಸೋಂಕು ತಗುಲಿದರೆ ಹೊಟ್ಟೆಯ ಮಗುವಿಗೆ ಅಪಾಯ, ಅದು ನಿಜ. ಆದರೆ ಬೆಕ್ಕು ಅದನ್ನು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ, ಮೊದಲ ಸಲ ಸೋಂಕಾದಾಗ, ಒಂದರಿಂದ ಮೂರು ವಾರದವರೆಗೆ ಮಾತ್ರ ಹೊರಹಾಕುತ್ತದೆ. ಹೊರಬಿದ್ದ ತಕ್ಷಣ ಅದು ಸೋಂಕು ಹರಡುವುದೂ ಇಲ್ಲ. ಒಂದರಿಂದ ಐದು ದಿನ ಹೊರಗೆ ಬಲಿಯಬೇಕು. ದಿನಾ ತಟ್ಟೆ ಶುಚಿ ಮಾಡುವ ಮನೆಯಲ್ಲಿ ಅದು ಬಲಿಯುವ ಮೊದಲೇ ಕಸಕ್ಕೆ ಹೋಗಿರುತ್ತದೆ. ಮನುಷ್ಯರಿಗೆ ಇದು ಹೆಚ್ಚಾಗಿ ಬರುವುದು ಅರೆಬೆಂದ ಮಾಂಸದಿಂದ, ತೊಳೆಯದ ಸೊಪ್ಪು ತರಕಾರಿಯಿಂದ, ಕೈತೋಟದ ಮಣ್ಣಿನಿಂದ. ಬೆಕ್ಕನ್ನು ಮುದ್ದಿಸಿದ್ದರಿಂದ ಬರುವ ಸಂಭವ ತೀರಾ ಕಡಿಮೆ.

ನಿಮ್ಮ ಮರಿ ತಾಯಿ ತಂದ ಇಲಿಯನ್ನು ತಿಂದಿರಬಹುದು, ಹಾಗಾಗಿ ಹೊರಹಾಕುವುದಿದ್ದರೆ ಈಗಲೇ ಹೊರಹಾಕುತ್ತದೆ. ಮಗಳು ಬರಲು ಇನ್ನೂ ಮೂರು ತಿಂಗಳಿದೆ. ಅಷ್ಟರಲ್ಲಿ ಬೇಯಿಸಿದ ಅಥವಾ ಚೀಲದ ಆಹಾರ ತಿಂದು ಒಳಗೇ ಇರುವ ಮರಿಗೆ ಹೊಸದಾಗಿ ಸೋಂಕು ತಗುಲುವ ದಾರಿ ಮುಚ್ಚಿರುತ್ತದೆ. ಮಗಳು ಬಂದ ಮೇಲೆ ತಟ್ಟೆ ತೆಗೆಯುವ ಕೆಲಸ ಅವಳದ್ದಾಗದಿರಲಿ, ತುಳಸಿಕಟ್ಟೆಯ ಮಣ್ಣು ಕೆದಕುವುದನ್ನೂ ಬಿಡಲಿ. ಅವಳ ವೈದ್ಯೆಯ ಹತ್ತಿರ ಒಂದು ರಕ್ತಪರೀಕ್ಷೆಯ ಬಗ್ಗೆ ಕೇಳಿಕೊಳ್ಳಲಿ. ಮೊದಲೇ ಸೋಂಕಾಗಿ ವಾಸಿಯಾದವರಿಗೆ ಸಾಮಾನ್ಯವಾಗಿ ಈ ಭಯವಿಲ್ಲ. ಮರಿಗೆ ಪರೀಕ್ಷೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ಹಣ ಉಳಿಸಿಕೊಳ್ಳಿ: ಹಳೆಯ ಸೋಂಕಿನ ಗುರುತು ಸಿಕ್ಕಿತೆಂದರೆ ಹೊರಹಾಕುವ ಹಂತ ಬಹುತೇಕ ಮುಗಿದಿದೆ ಎಂದೇ ಅರ್ಥ.

ಬಾಣಂತಿ ಮನೆಯಲ್ಲಿ ನನಗೆ ಟಾಕ್ಸೋಪ್ಲಾಸ್ಮಾಗಿಂತ ಹೆಚ್ಚು ಕಾಳಜಿಯಿರುವುದು ಹುಳುಕಡ್ಡಿಯ ಬಗ್ಗೆ. ಮರಿಯ ಕಿವಿ, ಮೂತಿ, ಮುಂಗಾಲಿನಲ್ಲಿ ಕೂದಲುದುರಿ ಬೂದಿಯಂಥ ಹೊಟ್ಟು ಕಂಡರೆ ಅದೇ ಇರಬಹುದು. ಮನುಷ್ಯರಿಗೆ ಸುಲಭವಾಗಿ ಅಂಟುತ್ತದೆ, ವಾಸಿಯಾಗಲು ವಾರಗಳೇ ಹಿಡಿಯುತ್ತವೆ. ಮೊದಲ ಭೇಟಿಯಲ್ಲೇ ನೋಡಿಸಿ. ತೊಟ್ಟಿಲಿರುವ ಕೋಣೆಯ ಬಾಗಿಲು ಬೆಕ್ಕಿಗೆ ಮೊದಲ ದಿನದಿಂದಲೇ ಮುಚ್ಚಿರಲಿ. ಕೆಟ್ಟದ್ದು ಮಾಡುತ್ತದೆಂದಲ್ಲ, ಬೆಚ್ಚಗಿರುವ ಕಡೆ ಹೋಗಿ ಮಲಗುವುದು ಅದರ ಸ್ವಭಾವ.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಗಳು ಬರುವ ಹೊತ್ತಿಗೆ, ಅಂದರೆ ಐದನೇ ತಿಂಗಳಿಗೆ ಮುಗಿಸಿ. ‘ಒಂದು ಸಲ ಮರಿ ಹಾಕಲಿ’ ಎಂಬುದು ನಮ್ಮ ಕರುಣೆಯ ಮಾತು, ಅದರ ದೇಹಕ್ಕೆ ಅದರಿಂದ ಲಾಭವಿಲ್ಲ. ಹೆಣ್ಣು ನಾಲ್ಕನೇ ತಿಂಗಳಿಗೇ ಬೆದೆಗೆ ಬರಬಹುದು. ಬೆಕ್ಕಿನ ಬೆದೆ ಹಗಲಿನ ಉದ್ದದ ಮೇಲೆ ನಿಂತಿದೆ. ವರ್ಷವಿಡೀ ಹಗಲು ಹೆಚ್ಚು ಏರಿಳಿಯದ ನಮ್ಮ ಕಡೆ ಅದಕ್ಕೆ ಬಿಡುವೇ ಇಲ್ಲ. ಗಬ್ಬದ ಅವಧಿ ಒಂಬತ್ತು ವಾರವಷ್ಟೇ. ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾದ ಹೆಣ್ಣಿನಲ್ಲಿ ಮುಂದೆ ಮೊಲೆಯ ಕ್ಯಾನ್ಸರಿನ ಸಂಭವ ಸುಮಾರು 90 ಶೇಕಡಾ ಕಡಿಮೆಯಾಗುತ್ತದೆ, ಗರ್ಭಕೋಶ ಕೀವು ತುಂಬಿಕೊಳ್ಳುವ ಕಾಯಿಲೆ ಬರುವುದಿಲ್ಲ.

ಔಷಧದ ಪೆಟ್ಟಿಗೆ ಏನಿರಬೇಕು ಎಂದು ಕೇಳುವವರಿಗೆ ನಾನು ಹೇಳುವುದು: ಅಡುಗೆಮನೆಯ ಡಿಜಿಟಲ್ ತಕ್ಕಡಿ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಅದು ನರಳುವುದನ್ನು ನೀವು ಕೇಳುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ, ಆದರೆ ತೂಕಕ್ಕೆ ಬಚ್ಚಿಡಲು ಬರುವುದಿಲ್ಲ. ಎರಡು ತಿಂಗಳ ಮರಿ ಸುಮಾರು 800ರಿಂದ 900 ಗ್ರಾಂ ಇರುತ್ತದೆ, ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ಒಂದು ವಾರ ಏರದಿದ್ದರೆ ಗಮನಿಸಿ, ಇಳಿದರೆ ಹೊರಡಿ. ಬೆಳೆದ ಮೇಲೆ ತಿಂಗಳಿಗೊಮ್ಮೆ ತೂಗಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಸಾಕು. ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷದ ಉಸಿರು ಎಣಿಸುವುದನ್ನೂ ಕಲಿತುಕೊಳ್ಳಿ: 30ರ ಒಳಗಿರಬೇಕು.

ಮರಿ ಒಂದು ದಿನ ಪೂರ್ತಿ ತಿನ್ನದಿದ್ದರೆ ಕಾಯಬೇಡಿ. ಬೆಳೆದ ಬೆಕ್ಕು, ಅದೂ ದಪ್ಪಗಿರುವುದು, ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿ ಅದೇ ಇನ್ನೊಂದು ಕಾಯಿಲೆಯಾಗುತ್ತದೆ. ಬಾಯಿ ತೆರೆದು ಏದುಸಿರು ಬಿಡುವುದು ಬೆಕ್ಕಿನಲ್ಲಿ ತುರ್ತು. ಗಂಡು ಬೆಕ್ಕು ಮತ್ತೆ ಮತ್ತೆ ತಟ್ಟೆಗೆ ಹೋಗಿ ತಿಣುಕಿ ಹನಿಯೂ ಬಾರದೆ ಹಿಂತಿರುಗಿದರೆ ಅದಕ್ಕಿಂತ ದೊಡ್ಡ ತುರ್ತು ಇಲ್ಲ. ಮಲಬದ್ಧತೆ ಎಂದು ತಿಳಿದು ಹರಳೆಣ್ಣೆ ಕುಡಿಸಿ ಕೂರುವವರಿದ್ದಾರೆ. ಅದರ ಮೂತ್ರನಾಳ ಕಟ್ಟಿರುತ್ತದೆ; ಎರಡು ಮೂರು ದಿನದಲ್ಲಿ ಪ್ರಾಣ ಹೋಗುತ್ತದೆ. ರಾತ್ರಿಯಾದರೂ ಸರಿ, ಹೊರಡಿ.

ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಒಳಮನೆಯ ಬೆಕ್ಕು ಹದಿನೈದು ವರ್ಷ ಬದುಕುವುದು ದೊಡ್ಡ ಸಂಗತಿಯಲ್ಲ. ಆಗ ನಿಮಗೆ 77, ಯಜಮಾನರಿಗೆ 82. ಮುದಿ ಬೆಕ್ಕಿನಲ್ಲಿ ಮೂತ್ರಪಿಂಡದ ಕಾಯಿಲೆ, ಥೈರಾಯ್ಡ್, ಹಲ್ಲಿನ ತೊಂದರೆ ಸಾಮಾನ್ಯ; ಏಳೆಂಟು ವರ್ಷದ ಮೇಲೆ ವರ್ಷಕ್ಕೊಮ್ಮೆ ರಕ್ತ, ಮೂತ್ರದ ಪರೀಕ್ಷೆ ಬೇಕಾಗುತ್ತದೆ. ನಿಮ್ಮ ಕೈಲಾಗದ ದಿನ ಅದು ಯಾರ ಮನೆಗೆ ಹೋಗುತ್ತದೆ ಎಂಬುದನ್ನು ಮಗಳ ಹತ್ತಿರ ಈಗಲೇ ಮಾತಾಡಿಕೊಳ್ಳಿ. ತಿಂಗಳಿಗೆ ಇಷ್ಟು ಎಂದು ಒಂದು ಸಣ್ಣ ಮೊತ್ತವನ್ನು ಅದರ ಹೆಸರಿನಲ್ಲಿ ತೆಗೆದಿಡಿ. ಬೆಕ್ಕಿನ ಖರ್ಚು ಲಸಿಕೆಯಲ್ಲಿ ಅಲ್ಲ, ಒಂದು ರಾತ್ರಿಯ ತುರ್ತಿನಲ್ಲಿ ಬರುತ್ತದೆ.

ಕೇಸರಿ ಮರಿಯ ಬಗ್ಗೆ ನೀವು ಕೇಳಲಿಲ್ಲ. ಸಾಧ್ಯವಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಖರ್ಚು ಎರಡು ಪಟ್ಟಾಗುತ್ತದೆ, ಆದರೆ ಒಡಹುಟ್ಟಿದ ಎರಡು ಮರಿ ಒಂದನ್ನೊಂದು ಕಚ್ಚಾಡಿ ಆಡಿ ಸುಸ್ತಾಗುತ್ತವೆ, ಒಂಟಿ ಮರಿ ನಿಮ್ಮ ಕಾಲನ್ನೇ ಬೇಟೆಯಾಡುತ್ತದೆ. ಆಗದಿದ್ದರೆ ಮೊದಲ ಲಸಿಕೆ, ಜಂತಿನ ಔಷಧ ಕೊಡಿಸಿ ಒಳ್ಳೆಯ ಮನೆ ಹುಡುಕಿ. ತಾಯಿಯನ್ನೂ ಮರೆಯಬೇಡಿ: ಹಾಲೂಡಿಸುತ್ತಿರುವಾಗಲೇ ಅದು ಮತ್ತೆ ಗಬ್ಬವಾಗಬಲ್ಲದು, ಹಾಗೇ ಬಿಟ್ಟರೆ ಮಗಳು ಬರುವ ಹೊತ್ತಿಗೆ ಟ್ಯಾಂಕಿನ ಹಿಂದೆ ಇನ್ನೊಂದು ಸೂಲು ಕಣ್ಣು ಬಿಡುತ್ತಿರುತ್ತದೆ. ಮರಿಗಳನ್ನು ಒಳಗೆ ತಂದು ಎರಡು ವಾರವಾದ ಮೇಲೆ, ಹಾಲು ಬತ್ತಿದಾಗ, ಪ್ರಾಣಿದಯಾ ಸಂಸ್ಥೆಯವರಿಂದ ಬೋನು ಪಡೆದು ಅದನ್ನು ಹಿಡಿಸಿ ಶಸ್ತ್ರಚಿಕಿತ್ಸೆಗೆ ಕಳಿಸಿ. ಹಿಂದಿನ ಸಂಜೆಯಿಂದ ತಾರಸಿಯಲ್ಲಿ ಊಟ ಇಡಬೇಡಿ. ಬೋನಿನೊಳಗೆ ಬರಲೂ ಅದಕ್ಕೆ ಹಸಿವು ಬೇಕು, ಅರಿವಳಿಕೆಗೂ ಹೊಟ್ಟೆ ಖಾಲಿಯಿರಬೇಕು.